ಚುಕ್ಕಿ ನೋಡಿ ಮೋಸ ಹೋಗಬೇಡಿ

192.168.10.255 ಅನ್ನುವ ಐಪಿ ವಿಳಾಸವನ್ನು ಒಂದು ಕಂಪ್ಯೂಟರಿಗೆ ಕೊಡಬಹುದಾ? ‘ಕೊನೆಗೆ 255 ಬಂದರೆ ಅದು ಬ್ರಾಡ್‌ಕಾಸ್ಟ್ (ನೆಟ್‌ವರ್ಕಿನ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಸಂದೇಶ ಕಳಿಸುವ ವಿಳಾಸ), ಮುಟ್ಟೋ ಹಾಗಿಲ್ಲ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ತಪ್ಪು. ನೆಟ್‌ವರ್ಕ್ /23 ಆಗಿದ್ದರೆ ಧಾರಾಳವಾಗಿ ಕೊಡಬಹುದು.

ಇಷ್ಟೆಲ್ಲ ಗೊಂದಲ ಆ ಚುಕ್ಕಿಗಳದ್ದು. ಕಂಪ್ಯೂಟರಿಗೆ ಚುಕ್ಕಿ ಕಾಣಿಸುವುದೇ ಇಲ್ಲ. ಅದಕ್ಕೆ ವಿಳಾಸ ಅಂದರೆ ಸಾಲಾಗಿ ನಿಂತ 32 ಬಿಟ್, ಅಂದರೆ 32 ಸೊನ್ನೆ-ಒಂದುಗಳು. ಓದುವುದಕ್ಕೆ ನಮಗೆ ಸುಲಭವಾಗಲಿ ಅಂತ ಎಂಟೆಂಟಾಗಿ ಮುರಿದು ಬರೆಯುತ್ತೇವೆ, ಅಷ್ಟೇ. ಸ್ಲ್ಯಾಶ್ ಆದಮೇಲಿನ ಅಂಕಿ ಎಡದಿಂದ ಎಷ್ಟು ಬಿಟ್ ನೆಟ್‌ವರ್ಕಿನ ಪಾಲು ಅಂತ ಹೇಳುತ್ತದೆ, ಉಳಿದದ್ದು ಒಳಗಿನ ಯಂತ್ರಗಳದ್ದು. ನಡುಗೋಡೆಯನ್ನು ಬಲಕ್ಕೆ ಸರಿಸಿದಷ್ಟೂ ಬಲಗಡೆಯ ಕೋಣೆ ಚಿಕ್ಕದಾಗುತ್ತದೆ ಅಲ್ವಾ, ಹಾಗೆ. ಅದೂ ಸುಮ್ನೆ ಚಿಕ್ಕದಾಗುವುದಲ್ಲ, ಕಾಗದ ಮಡಚಿದ ಹಾಗೆ ಪ್ರತಿ ಸಲವೂ ಸರಿಯಾಗಿ ಅರ್ಧ: /24ಕ್ಕೆ 256 ವಿಳಾಸ, /25ಕ್ಕೆ 128, /26ಕ್ಕೆ 64. ಮೊದಲನೆಯದು ನೆಟ್‌ವರ್ಕನ್ನೇ ಗುರುತಿಸಲು, ಕೊನೆಯದು ಬ್ರಾಡ್‌ಕಾಸ್ಟಿಗೆ. ಹಾಗಾಗಿ /26ರಲ್ಲಿ ಯಂತ್ರಗಳಿಗೆ ಸಿಗುವುದು 62.

ಈಗ 192.168.10.0/23 ನೋಡಿ. ಗೋಡೆ ಮೂರನೇ ಅಂಕಿಯ ಒಳಗೇ ಬಿದ್ದಿದೆ, ಅದರ ಕೊನೆಯ ಬಿಟ್‌ಗಿಂತ ಮುಂಚೆ. ಎಂಟು ಬಿಟ್‌ನಲ್ಲಿ 10 ಅಂದರೆ 00001010, 11 ಅಂದರೆ 00001011. ಮೊದಲ ಏಳು ಒಂದೇ. ಅಂದಮೇಲೆ 10.0ಯಿಂದ 11.255ರವರೆಗೆ ಒಂದೇ ನೆಟ್‌ವರ್ಕ್, ಅದರಲ್ಲಿ 510 ಯಂತ್ರಗಳಿಗೆ ಜಾಗ. 10.255 ಅದರ ನಟ್ಟನಡುವೆ ಕೂತ ಮಾಮೂಲಿ ವಿಳಾಸ. ಬ್ರಾಡ್‌ಕಾಸ್ಟ್ ಇರುವುದು 11.255ರಲ್ಲಿ.

ಚುಕ್ಕಿಯನ್ನೇ ಗಡಿ ಅಂದುಕೊಳ್ಳುವ ಅಭ್ಯಾಸ ಹಳೆಯದು. 1981ರ ನಿಯಮದಲ್ಲಿ ಕ್ಲಾಸ್ ಎ, ಬಿ, ಸಿ ಅಂತ ಮೂರೇ ಅಳತೆ, ಗೋಡೆ ಚುಕ್ಕಿಯ ಹತ್ತಿರವೇ ನಿಲ್ಲಬೇಕಿತ್ತು. 300 ಯಂತ್ರ ಇದ್ದವರಿಗೆ ಕ್ಲಾಸ್ ಸಿ ಕೊಡುವ 256 ಸಾಲದು, ಕ್ಲಾಸ್ ಬಿ ತಗೊಂಡರೆ 65,536 ವಿಳಾಸ, ಬಹುಪಾಲು ದಂಡ. ಇದ್ದದ್ದೇ ಒಟ್ಟು 429 ಕೋಟಿ ಚಿಲ್ಲರೆ. 1993ರಲ್ಲಿ ಸಿಐಡಿಆರ್ ಅನ್ನುವ, ಕ್ಲಾಸ್‌ಗಳ ಹಂಗಿಲ್ಲದ ಪದ್ಧತಿ ಬಂದು ಗೋಡೆಯನ್ನು ಯಾವ ಬಿಟ್ ಹತ್ತಿರ ಬೇಕಾದರೂ ಕಟ್ಟಿ ಅಂದಿತು. ಆದರೂ ಇವತ್ತಿಗೂ 10.0.0.0/24 ತೋರಿಸಿ ಕ್ಲಾಸ್ ಸಿ ಅನ್ನುತ್ತಾರೆ! ಹಳೆಯ ಲೆಕ್ಕದಲ್ಲೂ 10ರಿಂದ ಶುರುವಾಗುವುದು ಕ್ಲಾಸ್ ಎ.

ಹಾಗಂತ ಅಕ್ಕಪಕ್ಕದ ಯಾವ ಎರಡು /24 ಬೇಕಾದರೂ ಸೇರಿಸಿ /23 ಮಾಡಿಬಿಡಬಹುದು ಅಂತಲ್ಲ. ಮೂರನೇ ಅಂಕಿ 10 ಮತ್ತು 11 ಆದರೆ ಕೂಡುತ್ತವೆ. 11 ಮತ್ತು 12 ಕೂಡುವುದಿಲ್ಲ. ಯಾಕೆ ಅಂತ ಬಿಟ್ ಬರೆದು ನೋಡಿ: 00001011, 00001100. ಆರನೇ ಬಿಟ್‌ನಲ್ಲೇ ದಾರಿ ಬೇರೆಯಾಗಿದೆ.