ನಾಸ್‌ನಲ್ಲಿ ಎರಡು ಡಿಸ್ಕ್ ಇದ್ದ ಮೇಲೆ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸಬಹುದೇ?

ಪ್ರಶ್ನೆ: ಮನೆಯವರೆಲ್ಲರ ಫೋಟೊ, ವಿಡಿಯೊಗಳನ್ನು ಒಂದೇ ಕಡೆ ಇಡಲೆಂದು ಎರಡು ಡಿಸ್ಕ್ ಹಿಡಿಸುವ ನಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸಿ ಎಲ್ಲರೂ ಬಳಸಬಹುದಾದ ಸಂಗ್ರಹ ಪೆಟ್ಟಿಗೆ) ಕೊಂಡಿದ್ದೇನೆ. ತಲಾ 4 ಟಿಬಿಯ ಎರಡು ಹೊಸ ಡಿಸ್ಕ್ ಹಾಕಿದರೂ 3.6 ಟಿಬಿ ಮಾತ್ರ ತೋರಿಸುತ್ತಿದೆ. ಉಳಿದ ಜಾಗ ಎಲ್ಲಿ ಹೋಯಿತು? ಎರಡರಲ್ಲೂ ಒಂದೊಂದು ಪ್ರತಿ ಇರುತ್ತದೆ ಎನ್ನುವುದಾದರೆ, ಇದುವರೆಗೆ ಫೋಟೊಗಳಿದ್ದ ಹಳೆಯ ಎಕ್ಸ್‌ಟರ್ನಲ್ ಡಿಸ್ಕನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ತಪ್ಪಿದರೆ ಹೋದದ್ದು ಮರಳಿ ಬರುವುದಿಲ್ಲ. ಹಳೆಯ ಡಿಸ್ಕನ್ನು ದಯವಿಟ್ಟು ಅಳಿಸಬೇಡಿ. ಅದನ್ನು ಬಿಚ್ಚಿ ನಾಸ್‌ನ ಒಳಗೆ ಹಾಕುವ ಯೋಚನೆಯನ್ನೂ ಮಾಡಬೇಡಿ. ಮೊದಲ ಸಲ ಸಿದ್ಧಗೊಳ್ಳುವಾಗ ನಾಸ್ ತನ್ನೊಳಗಿನ ಡಿಸ್ಕ್‌ಗಳನ್ನು ಫಾರ್ಮ್ಯಾಟ್ ಮಾಡುವುದರಿಂದ ಅವುಗಳಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಕಾಣೆಯಾದ ಜಾಗದ ಲೆಕ್ಕ ಹೀಗಿದೆ. ನಿಮ್ಮ ನಾಸ್ ರೇಡ್ 1 ಎಂಬ ವಿಧಾನದಲ್ಲಿ ಸಿದ್ಧವಾಗಿದೆ. ಸೈನಾಲಜಿ ಕಂಪನಿಯದಾದರೆ ಅಲ್ಲಿ ಎಸ್‌ಎಚ್‌ಆರ್ ಎಂಬ ಹೆಸರು ಕಾಣಬಹುದು, ಎರಡು ಡಿಸ್ಕ್‌ಗಳಿದ್ದಾಗ ಅದರ ಫಲವೂ ಇದೇ. ಒಂದು ಡಿಸ್ಕಿನಲ್ಲಿ ಬರೆದದ್ದೆಲ್ಲವೂ ಜೊತೆಜೊತೆಗೇ ಇನ್ನೊಂದರಲ್ಲೂ ಬರೆಯಲ್ಪಡುವುದರಿಂದ ಒಟ್ಟು 8 ಟಿಬಿಯಲ್ಲಿ ಬಳಕೆಗೆ ಸಿಗುವುದು 4 ಮಾತ್ರ. ಆ 4 ಮತ್ತೆ 3.6 ಆಗುವುದಕ್ಕೆ ಕಾರಣ ಅಳತೆಯ ವ್ಯತ್ಯಾಸ: ತಯಾರಕರು ಒಂದು ಲಕ್ಷ ಕೋಟಿ ಬೈಟ್‌ಗಳನ್ನು 1 ಟಿಬಿ ಎಂದು ಎಣಿಸಿದರೆ, ನಾಸ್ 1024ರ ಮಡಿಗಳಲ್ಲಿ ಎಣಿಸಿ ಸುಮಾರು 1.1 ಲಕ್ಷ ಕೋಟಿ ಬೈಟ್‌ಗಳನ್ನು 1 ಟಿಬಿ ಎನ್ನುತ್ತದೆ. ಡಿಸ್ಕಿನಲ್ಲಿ ದೋಷವೇನೂ ಇಲ್ಲ. ಪೂರ್ತಿ ಜಾಗ ಬೇಕೆಂದು ರೇಡ್ 0 ಆರಿಸಿಕೊಳ್ಳುವವರೂ ಇದ್ದಾರೆ, ಆದರೆ ಅದರಲ್ಲಿ ಪ್ರತಿಯೊಂದು ಕಡತವೂ ಎರಡು ಡಿಸ್ಕ್‌ಗಳಿಗೆ ಹಂಚಿಹೋಗುವುದರಿಂದ ಯಾವುದಾದರೂ ಒಂದು ಕೆಟ್ಟರೂ ಎಲ್ಲವೂ ಹೋಗುತ್ತದೆ. ಮನೆಯ ಫೋಟೊಗಳಿಗೆ ನಾನು ಅದನ್ನು ಎಂದಿಗೂ ಸೂಚಿಸುವುದಿಲ್ಲ.

ಹಾಗಾದರೆ ಎರಡು ಪ್ರತಿಗಳಿದ್ದೂ ಹಳೆಯ ಡಿಸ್ಕ್ ಏಕೆ ಬೇಕು? ರೇಡ್ ಎಂಬ ಹೆಸರನ್ನು ಪ್ರಸಿದ್ಧಗೊಳಿಸಿದ್ದು ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್ಯಾಂಡಿ ಕಾಟ್ಜ್ ಅವರು 1988ರಲ್ಲಿ ಪ್ರಕಟಿಸಿದ ಪ್ರಬಂಧ. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಜೋಡಿಸಿದರೂ, ಅವುಗಳಲ್ಲೊಂದು ಕೆಟ್ಟಾಗ ಕೆಲಸ ನಿಲ್ಲಬಾರದು ಎಂಬುದು ಅವರ ಕಾಳಜಿಯಾಗಿತ್ತು. ರೇಡ್ 1 ಇಂದಿಗೂ ಮಾಡುವುದು ಅಷ್ಟನ್ನೇ. ನೀವು ಕೈತಪ್ಪಿ ಒಂದು ಫೋಲ್ಡರನ್ನು ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣದಲ್ಲಿ ಅಳಿಯುತ್ತದೆ. ಕಂಪ್ಯೂಟರಿಗೆ ಹೊಕ್ಕ ದುಷ್ಟ ತಂತ್ರಾಂಶ ಹಂಚಿಕೆಯ ಫೋಲ್ಡರನ್ನು ಬೀಗ ಹಾಕಿದಂತೆ ಮಾಡಿಬಿಟ್ಟರೆ ಎರಡೂ ಪ್ರತಿಗಳಿಗೆ ಬೀಗ ಬೀಳುತ್ತದೆ. ಮಳೆಗಾಲದ ಮುಂಚಿನ ಸಿಡಿಲಿಗೆ ಕರೆಂಟು ಏರಿ ಪೆಟ್ಟಿಗೆ ಸುಟ್ಟರೆ, ಅಥವಾ ಕಳ್ಳ ಅದನ್ನು ಹೊತ್ತುಕೊಂಡು ಹೋದರೆ, ಒಳಗಿನ ಎರಡೂ ಡಿಸ್ಕ್‌ಗಳು ಒಟ್ಟಿಗೇ ಹೋಗುತ್ತವೆ.

ಇದೇ ಕಾರಣಕ್ಕೆ, ಊರಿಗೆ ಹೋದಾಗಲೂ ಫೋಟೊ ನೋಡಬೇಕೆಂಬ ಆಸೆಯಿಂದ ರೌಟರ್‌ನಲ್ಲಿ ಪೋರ್ಟ್ ತೆರೆದು ನಾಸ್ ಅನ್ನು ನೇರವಾಗಿ ಇಂಟರ್‌ನೆಟ್ಟಿಗೆ ಒಡ್ಡಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದುಷ್ಟ ತಂತ್ರಾಂಶವು ಹಾಗೆ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ಸಾವಿರಾರು ನಾಸ್‌ಗಳ ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ರೂಪದಲ್ಲಿ ಹಣ ಕೇಳಿತ್ತು. ಹೊರಗಿನಿಂದ ನೋಡಲೇಬೇಕೆಂದಿದ್ದರೆ ವಿಪಿಎನ್ ಮೂಲಕ, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂಪರ್ಕದ ಮೂಲಕ, ನೋಡುವುದು ಸುರಕ್ಷಿತ. ಮೊದಲ ದಿನವೇ ತಂತ್ರಾಂಶವನ್ನು ಅಪ್‌ಡೇಟ್ ಮಾಡಿ, ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಕೊಡಿ. ಅಡ್ಮಿನ್ ಖಾತೆಯನ್ನು ದಿನಬಳಕೆಗೆ ಇಟ್ಟುಕೊಳ್ಳಬೇಡಿ.

ನಮ್ಮಲ್ಲಿ ಕರೆಂಟು ಹೋಗಿಬರುವುದು ಸಾಮಾನ್ಯವಾದ್ದರಿಂದ ಒಂದು ಸಣ್ಣ ಯುಪಿಎಸ್‌ಗೂ ಹಣ ಎತ್ತಿಡಿ. ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾದರೆ ಕಡತಗಳು ಕೆಡಬಹುದು. ಯುಎಸ್‌ಬಿ ಕೇಬಲ್ಲಿನಿಂದ ನಾಸ್‌ಗೆ ಜೋಡಿಸಬಹುದಾದ ಯುಪಿಎಸ್ ತಂದರೆ, ಬ್ಯಾಟರಿ ಮುಗಿಯುವ ಮೊದಲು ನಾಸ್ ತಾನಾಗಿಯೇ ಕ್ರಮಬದ್ಧವಾಗಿ ಮುಚ್ಚಿಕೊಳ್ಳುತ್ತದೆ.

ಇನ್ನು ಫೋಟೊಗಳನ್ನು ತುಂಬುವ ಕೆಲಸ. ವೈಫೈ ಬದಲು ಕಂಪ್ಯೂಟರನ್ನೂ ಲ್ಯಾನ್ ಕೇಬಲ್ಲಿನಿಂದ ರೌಟರ್‌ಗೆ ಜೋಡಿಸಿಕೊಳ್ಳಿ. ಗಿಗಾಬಿಟ್ ಜೋಡಣೆಯಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗುತ್ತದೆ, ಅಂದರೆ ದೊಡ್ಡ ವಿಡಿಯೊಗಳಾದರೆ 1 ಟಿಬಿಗೆ ಎರಡೂವರೆ ಗಂಟೆ ಸಾಕು. ಸಾವಿರಾರು ಸಣ್ಣ ಫೋಟೊಗಳಾದರೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಹಳೆಯ ಡಿಸ್ಕಿನಿಂದ ನಕಲು ಮಾಡಿ, ಕಟ್ ಮಾಡಬೇಡಿ. ಮುಗಿದ ಮೇಲೆ ಎರಡೂ ಕಡೆಯ ಕಡತಗಳ ಸಂಖ್ಯೆಯನ್ನು ಹೋಲಿಸಿ, ಬೇರೆ ಬೇರೆ ವರ್ಷಗಳ ಕೆಲವು ಫೋಟೊಗಳನ್ನು ತೆರೆದು ನೋಡಿ.

ಅಲ್ಲಿಂದ ಮುಂದೆ ಹಳೆಯ ಡಿಸ್ಕಿಗೆ ಹೊಸ ಕೆಲಸವಿದೆ. ಅದರಲ್ಲಿ ಜಾಗ ಉಳಿದಿದ್ದರೆ ತಿಂಗಳಿಗೊಮ್ಮೆ ನಾಸ್‌ನ ಯುಎಸ್‌ಬಿ ಕಿಂಡಿಗೆ ಜೋಡಿಸಿ, ಹೊಸದಾಗಿ ಸೇರಿದ್ದನ್ನು ಬ್ಯಾಕಪ್ ಮಾಡಿ, ಕೂಡಲೇ ಕಳಚಿಡಿ. ಸದಾ ಜೋಡಿಸಿಯೇ ಇಟ್ಟ ಡಿಸ್ಕ್ ನಾಸ್‌ಗೆ ಬಂದ ಆಪತ್ತಿಗೆ ತಾನೂ ಸಿಕ್ಕಿಬೀಳಬಹುದು. ಸಾಧ್ಯವಾದರೆ ಅದನ್ನು ಅಣ್ಣನದೋ ಅಕ್ಕನದೋ ಮನೆಯಲ್ಲಿಡಿ. ಅದು ತುಂಬಿ ಬಂದಾಗ ಅಳಿಸಿ ಜಾಗ ಮಾಡುವ ಬದಲು ಅದಕ್ಕಿಂತ ದೊಡ್ಡದೊಂದನ್ನು ಕೊಂಡು, ಅದರಲ್ಲಿ ಬ್ಯಾಕಪ್ ಪೂರ್ಣಗೊಂಡು ಒಂದು ಫೋಲ್ಡರನ್ನಾದರೂ ಮರಳಿ ಪಡೆದು ನೋಡಿದ ನಂತರವೇ ಹಳೆಯದನ್ನು ಬೇರೆ ಕೆಲಸಕ್ಕೆ ಬಿಡಿ.