ಕಿವಿಯ ಡ್ರಾಪ್ಸ್‌ನಲ್ಲಿರುವ ನಿಯೋಮೈಸಿನ್: ಎಚ್ಚರಿಕೆ ಬಂದದ್ದು ಹೇಗೆ?

ಕಿವಿ ಸೋಂಕಿಗೆ ಕೊಡುವ ಎಷ್ಟೋ ಡ್ರಾಪ್ಸ್‌ಗಳಲ್ಲಿ ನಿಯೋಮೈಸಿನ್ ಎಂಬ ಆಂಟಿಬಯೋಟಿಕ್ ಇರುತ್ತದೆ. ಹೊರಗಿವಿಯ ಸೋಂಕಿಗೆ ಅದು ಒಳ್ಳೆಯ ಔಷಧಿಯೇ. ಆದರೆ ಕಿವಿಯ ತಮಟೆಯಲ್ಲಿ ತೂತಿದ್ದರೆ ಹಾಕಬಾರದು ಎಂಬ ಎಚ್ಚರಿಕೆಯೂ ಅದರ ಜೊತೆಗೇ ಬರುತ್ತದೆ. ಈ ಎಚ್ಚರಿಕೆಯ ಹಿಂದೆ ದೊಡ್ಡ ಕಥೆಯೇ ಇದೆ.

1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ, ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಕ್ಷಯಕ್ಕೆ ಕೊನೆಗೂ ಒಂದು ಮದ್ದು ಬಂತು. ಆದರೆ ತೆಗೆದುಕೊಂಡ ಕೆಲವರಿಗೆ ತಲೆಸುತ್ತು ಶುರುವಾಯಿತು, ಕೆಲವರಿಗೆ ಕಿವಿ ಕೇಳಿಸದಾಯಿತು. 1949ರಲ್ಲಿ ವಾಕ್ಸ್‌ಮನ್ ಮತ್ತು ಹ್ಯೂಬರ್ಟ್ ಲೆಶವಲಿಯೆ ಅದೇ ಗುಂಪಿನ ನಿಯೋಮೈಸಿನ್ ಕಂಡುಹಿಡಿದರು. ಇಂಜೆಕ್ಷನ್ ಕೊಟ್ಟಾಗ ಇದು ಕಿವಿಗೂ ಮೂತ್ರಪಿಂಡಕ್ಕೂ ಹಾನಿ ಮಾಡಿತು. ಹಾಗಾಗಿ ಹೆಚ್ಚಾಗಿ ಮುಲಾಮು, ಕಣ್ಣು-ಕಿವಿಯ ಡ್ರಾಪ್ಸ್‌ಗಳಲ್ಲೇ ಉಳಿಯಿತು. ಗಾಯವಿಲ್ಲದ ಚರ್ಮದ ಮೂಲಕ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಒಂದೊಂದು ಕಿವಿಗೆ ಸುಮಾರು 15,000 ಅಷ್ಟೇ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ನಿಯೋಮೈಸಿನ್ ಕೊಲ್ಲುವುದು ಇವನ್ನೇ. ತಮಟೆ ಗಟ್ಟಿಯಾಗಿದ್ದರೆ ಹನಿ ಹೊರಗೇ ನಿಲ್ಲುತ್ತದೆ. ತೂತಿದ್ದರೆ ನಡುಗಿವಿಗೆ ಇಳಿಯುತ್ತದೆ. ಅಲ್ಲಿಂದ ಒಳಗಿವಿಗೆ ಇರುವ ಅಡ್ಡಿ ಒಂದು ತೆಳ್ಳನೆಯ ಪೊರೆ.

ಪ್ರಾಣಿಗಳ ಮೇಲಿನ ಪ್ರಯೋಗಗಳು ಈ ಅಪಾಯವನ್ನು ಸ್ಪಷ್ಟವಾಗಿಯೇ ತೋರಿಸಿದವು. ಆದರೂ ವೈದ್ಯರಲ್ಲಿ ವಾದ ದಶಕಗಳ ಕಾಲ ನಡೆಯಿತು. ಮನುಷ್ಯರ ಪೊರೆ ಇಲಿ ಜಾತಿಯ ಪ್ರಾಣಿಗಳ ಪೊರೆಗಿಂತ ದಪ್ಪ, ಸೋಂಕಾದಾಗ ಊದಿಕೊಂಡು ಇನ್ನೂ ದಪ್ಪವಾಗುತ್ತದೆ, ಆದ್ದರಿಂದ ಭಯವಿಲ್ಲ ಎನ್ನುವುದು ಒಂದು ಕಡೆಯವರ ಮಾತು. ಅದೇನೂ ಸುಮ್ನೆ ಹೇಳಿದ ಮಾತಲ್ಲ. ಅದೂ ಅಲ್ಲದೆ, ಕೀವು ಸೋರುವ ಕಿವಿ ಸೋಂಕಿನಿಂದಲೇ ಮಂದವಾಗಬಹುದು. ಹಾಳು ಮಾಡಿದ್ದು ರೋಗವೋ ಮದ್ದೋ ಎಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು. ಆದರೆ ಸೋಂಕು ವಾಸಿಯಾಗಿ ಊತ ಇಳಿದ ಮೇಲೂ ಹನಿ ಹಾಕುತ್ತಲೇ ಇದ್ದರೆ? ಆಗ ಪೊರೆಯ ಆ ರಕ್ಷಣೆಯೂ ಉಳಿಯುವುದಿಲ್ಲ ಅಲ್ವಾ? ನನ್ನ ಮಟ್ಟಿಗೆ ಆ ವಾದದ ದೊಡ್ಡ ಕೊರತೆ ಇದೇ.

ಬೇರೆ ಮದ್ದು ಇಲ್ಲದಿದ್ದದ್ದೂ ವಾದ ಎಳೆಯಲು ಕಾರಣ. 1997ರ ಕೊನೆಗೆ ಅಮೆರಿಕದಲ್ಲಿ ಆಫ್ಲಾಕ್ಸಾಸಿನ್ ಎಂಬ ಬೇರೆ ಗುಂಪಿನ ಆಂಟಿಬಯೋಟಿಕ್‌ನ ಕಿವಿ ಡ್ರಾಪ್ಸ್‌ಗೆ ಅನುಮತಿ ಸಿಕ್ಕಿತು. ತಮಟೆ ತೂತಾದ ಕಿವಿಗೂ ಅದನ್ನು ಹಾಕಬಹುದಿತ್ತು. 2004ರಲ್ಲಿ ಅಲ್ಲಿನ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯ ಸಮಿತಿ, ನಡುಗಿವಿ ತೆರೆದಿದ್ದರೆ ಸಾಧ್ಯವಾದಷ್ಟೂ ಒಳಗಿವಿಗೆ ಹಾನಿ ಮಾಡದ ಹನಿಯನ್ನೇ ಆರಿಸಿ ಎಂದಿತು.

ನಿಯೋಮೈಸಿನ್‌ಗೆ ಇನ್ನೊಂದು ತೊಂದರೆಯೂ ಇದೆ: ಚರ್ಮದ ಅಲರ್ಜಿ. ಡ್ರಾಪ್ಸ್ ಹಾಕಿದ ಮೇಲೆ ತುರಿಕೆ, ಕೆಂಪು ಹೆಚ್ಚಾದರೆ ಸೋಂಕೇ ಜಾಸ್ತಿಯಾಯಿತು ಎಂದುಕೊಂಡು ಮತ್ತಷ್ಟು ಹನಿ ಹಾಕುವವರಿದ್ದಾರೆ. ಹಾಗೆ ಮಾಡದೆ ವೈದ್ಯರಿಗೆ ತೋರಿಸಬೇಕು.

1993ರಲ್ಲಿ ಸಂಶೋಧಕರು ತಾಯಿಯಿಂದ ಮಕ್ಕಳಿಗೆ ಬರುವ ಒಂದು ಜೀನ್ ಬದಲಾವಣೆಯನ್ನು ಗುರುತಿಸಿದರು. ಅದಿದ್ದವರಿಗೆ ಸ್ಟ್ರೆಪ್ಟೊಮೈಸಿನ್, ನಿಯೋಮೈಸಿನ್ ಗುಂಪಿನ ಔಷಧಿ ಸ್ವಲ್ಪವೇ ಕೊಟ್ಟರೂ ಕಿವುಡು ಬರಬಹುದು. ತಾಯಿಯ ಕಡೆಯವರಲ್ಲಿ ಯಾರಿಗಾದರೂ ಇಂಥ ಇಂಜೆಕ್ಷನ್ ನಂತರ ಕಿವಿ ಹೋಗಿದ್ದರೆ, ಡ್ರಾಪ್ಸ್ ಬರೆಯುವ ಮೊದಲೇ ವೈದ್ಯರಿಗೆ ಹೇಳಿಬಿಡಿ. ಹಿಂದೆ ಕಿವಿ ಸೋರಿದ್ದರೆ, ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ.