ಕೆರೆ ಹಸಿರುಗಟ್ಟಿದಾಗ ಮೀನು ತಿನ್ನಬಹುದೆ?

ಬೇಸಿಗೆಯಲ್ಲಿ ಕೆರೆ ನೀರಿಳಿದು ದಡದುದ್ದಕ್ಕೂ ಹಸಿರು ಬಣ್ಣ ಕಲಸಿ ಚೆಲ್ಲಿದಂತೆ ಕಂಡಾಗ ದಾವಣಗೆರೆ ಸೀಮೆಯ ಮನೆಗಳಲ್ಲಿ ಮೀನಿನ ಮಾತು ಬರುತ್ತದೆ. ಚೆನ್ನಾಗಿ ಕುದಿಸಿದರೆ ಏನೂ ಆಗಲ್ಲ ಅನ್ನುವವರಿದ್ದಾರೆ. ಕೆರೆ ಮೀನನ್ನೇ ಬಿಟ್ಟುಬಿಡಿ ಅನ್ನುವವರೂ ಇದ್ದಾರೆ. ಇಬ್ಬರದೂ ಪೂರ್ತಿ ಸರಿಯಲ್ಲ.

ಆ ಹಸಿರು, ಸೋಪಾನದ ಕಲ್ಲಿಗೆ ಅಂಟುವ ಪಾಚಿಯಲ್ಲ. ಅದು ಸಯನೋಬ್ಯಾಕ್ಟೀರಿಯಾ. ರೂಢಿಯಲ್ಲಿ ನೀಲಿ-ಹಸಿರು ಪಾಚಿ. ಇದರಲ್ಲಿ ಕೆಲವು ಜಾತಿಗಳು ಮೈಕ್ರೋಸಿಸ್ಟಿನ್ ಎಂಬ, ಲಿವರ್‌ಗೆ ಪೆಟ್ಟು ಕೊಡುವ ವಿಷ ತಯಾರಿಸುತ್ತವೆ. 1878ರಲ್ಲೇ ಆಸ್ಟ್ರೇಲಿಯಾದಲ್ಲಿ ಇಂಥ ಸರೋವರದ ನೀರು ಕುಡಿದು ಜಾನುವಾರು ಸತ್ತದ್ದು ದಾಖಲಾಗಿತ್ತು. ಜಗತ್ತು ನಿಜಕ್ಕೂ ಬೆಚ್ಚಿದ್ದು 1996ರಲ್ಲಿ. ಬ್ರೆಜಿಲ್‌ನ ಕರುವಾರುವಿನಲ್ಲಿ ಡಯಾಲಿಸಿಸ್‌ಗೆ ಬಳಸಿದ ನೀರಿನಲ್ಲಿ ಈ ವಿಷ ಸೇರಿ 50ಕ್ಕೂ ಹೆಚ್ಚು ರೋಗಿಗಳು ಜೀವ ಕಳೆದುಕೊಂಡರು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಹಾಕಿದ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಬಾಳಿಡೀ ದಿನವೂ ಒಳಗೆ ಹೋದರೂ ತೊಂದರೆಯಾಗದ ಪ್ರಮಾಣ, 60 ಕಿಲೋ ತೂಕದವರಿಗೆ, ದಿನಕ್ಕೆ 2.4 ಮೈಕ್ರೋಗ್ರಾಂ. ಈ ಲೆಕ್ಕಕ್ಕೆ ನೀರಿನ ಜೊತೆ ಮೀನೂ ಸೇರುತ್ತದೆ. ಅದನ್ನೇ ನಾವು ಮರೆಯುವುದು.

ನಮ್ಮ ಕಡೆಯ ಕಥೆ ನಾಲೆ, ಗದ್ದೆ, ಚರಂಡಿಯದು. ಭದ್ರಾ ನಾಲೆ ಬಂದ ಮೇಲೆ ಭತ್ತ ಹೆಚ್ಚಿತು, ಯೂರಿಯಾ, ಡಿಎಪಿ ಮೂಟೆಗಳೂ ಹೆಚ್ಚಿದವು. ಮಳೆಗೆ ತೊಳೆದ ಗೊಬ್ಬರ ತಗ್ಗಿನ ಕೆರೆ ಸೇರಿತು. ಊರ ಬಚ್ಚಲ ನೀರೂ ಅಲ್ಲೇ ಸೇರಿತು. ಮೀನು ಸಾಕುವವರು ನೀರಿಗೆ ಸಗಣಿ, ಸೂಪರ್ ಫಾಸ್ಫೇಟ್ ಹಾಕುವುದು ಮೀನಿಗೆ ಮೇವಾಗಲೆಂದು, ಆದರೆ ಅಳತೆ ಮೀರಿದರೆ ಆ ಮೇವು ಈ ಹಸಿರಿನದೂ ಆಗುತ್ತದೆ. 1952ರಲ್ಲಿ ದೇಶಕ್ಕೆ ಬಂದ ಜಿಲೇಬಿ ಮೀನು, ಜೊತೆಗೆ ಬೆಳ್ಳಿಗೆಂಡೆ, ಪಾಚಿಯನ್ನೇ ನುಂಗಿ ಬೆಳೆಯುವಂಥವು. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ನಮ್ಮ ಸೂಳೆಕೆರೆ, ಚಿತ್ರದುರ್ಗಕ್ಕೂ ಕುಡಿಯುವ ನೀರು ಕೊಡುತ್ತದೆ, ಮೀನನ್ನೂ ಕೊಡುತ್ತದೆ. ಅಂಥ ಕೆರೆಗಳ ನೀರನ್ನು ಪರೀಕ್ಷೆಗೆ ಒಯ್ಯುವಾಗ ಜೊತೆಗೆ ನಾಲ್ಕು ಮೀನನ್ನೂ ಒಯ್ಯಲೇಬೇಕು.

ಹಸಿರು ಕಂಡ ಕೂಡಲೆ ಮದ್ದು ಹಾಕುವುದೂ ಅಪಾಯವೇ. ಅಡಿಕೆಗೆ ಬೋರ್ಡೋ ಕಲಸುವ ಮೈಲುತುತ್ತ ಪಾಚಿಯನ್ನು ಕೊಲ್ಲುತ್ತದೆ ನಿಜ, ಆದರೆ ಜೀವಕೋಶ ಒಡೆದಾಗ ಒಳಗಿದ್ದ ವಿಷ ನೀರಿಗೆ ಬೀಳುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಹೀಗೆ ಮೈಲುತುತ್ತ ಹಾಕಿದ ಜಲಾಶಯದ ನೀರು ಕುಡಿದು 148 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ಬಹುಪಾಲು ಮಕ್ಕಳು.

ಕುದಿಸಿದರೆ, ಹುರಿದರೆ ಮೈಕ್ರೋಸಿಸ್ಟಿನ್ ಹೋಗದು. ಕುದಿಸಿದಾಗ ಸ್ವಲ್ಪ ಸಾರಿಗೂ ಇಳಿಯುತ್ತದೆ. ಆದರೆ ಅದು ಮೀನಿನ ಮೈಯಲ್ಲೆಲ್ಲ ಒಂದೇ ಸಮ ಇರುವುದಿಲ್ಲ. ಲಿವರ್, ಕರುಳಿನಲ್ಲಿ ಹೆಚ್ಚು, ಮಾಂಸದಲ್ಲಿ ಕಡಿಮೆ. ಕೆರೆ ದಂಡೆಯಲ್ಲಿ ಮೀನು ಕೊಯ್ಯುವಾಕೆ ಈಳಿಗೆಮಣೆ ಮೇಲೆ ಹೊಟ್ಟೆ ಸೀಳಿ, ಎರಡು ಬೆರಳಲ್ಲಿ ಕರುಳನ್ನು ಒಂದೇ ಎಳೆತಕ್ಕೆ ಕಿತ್ತು, "ತಲಿ ಇರ್ಲೇನಣ್ಣ?" ಎಂದು ಕೇಳುತ್ತಾಳೆ. ಅಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಹೊಟ್ಟೆ ಸೀಳದೆ ಇಡಿಯಾಗಿ ಹುರಿಯುವ ಸಣ್ಣ ಮೀನಿನಲ್ಲಿ ಆ ಅನುಕೂಲ ಇಲ್ಲ. ಹಸಿರುಗಟ್ಟಿದ ಕೆರೆಯದಾದರೆ ಸಣ್ಣ ಮೀನು ಆ ದಿನಗಳಲ್ಲಿ ಬೇಡ, ಬೆಳಗಿನ ಜಾವ ಸತ್ತು ತೇಲಿದ ಮೀನು ಯಾವತ್ತೂ ಬೇಡ. ಕಿತ್ತ ಕರುಳನ್ನು ನಾಯಿಗೂ ಹಾಕದೆ ಹೂತುಬಿಡಿ.